ಕೊನೆಗೆ ಕೂಡಿಸಿದ ಸಾಮಾನು

ವ್ಯಾನಿನ ಕ್ಲಚ್ಚಿನ ತಂತಿ ಹರಿದದ್ದು ಬುಧವಾರವೋ ಗುರುವಾರವೋ ಎಂದು ನನಗೂ ಮೌನೇಶನಿಗೂ ಇವತ್ತಿಗೂ ಜಗಳವಿದೆ. ಅವನು ಬುಧವಾರ ಅನ್ನುತ್ತಾನೆ. ನಾನು ಗುರುವಾರ ಅನ್ನುತ್ತೇನೆ, ಯಾಕೆಂದರೆ ಅವತ್ತು ನನಗೆ ಒಪ್ಪೊತ್ತು. ಮನೆ ಬಿಟ್ಟು ಐದು ದಿನವಾಗಿತ್ತೋ ಆರಾಗಿತ್ತೋ, ಅದಂತೂ ಇಬ್ಬರಿಗೂ ಖಾತ್ರಿಯಿಲ್ಲ. ಮೊದಲು ಹಿಂದಿನ ಗಾಲಿ ಪಂಕ್ಚರ್ ಆಯಿತು. ಸ್ಟೆಪ್ನಿ ಹಾಕಿದೆವು, ಎರಡು ಹರದಾರಿ ಹೋಗುವುದರೊಳಗೆ ಅದೂ ಉಸ್ಸೆಂದಿತು. ಆಮೇಲೆ ರೇಡಿಯೇಟರ್ ಕುದಿಯಿತು. ನಾನು ಕುಡಿಯಲೆಂದು ತಂದ ನೀರನ್ನೆಲ್ಲ ಅದೇ ಕುಡಿಯಿತು. ಮುಂದೆ ಸೇತುವೆ ಕುಸಿದಿದೆ, ಸುತ್ತು ಹಾಕಿ ಹೋಗಿ ಎಂದರು. ಸುತ್ತು ಹಾಕಿದೆವು. ಆ ಸುತ್ತಿನಲ್ಲಿ ಮತ್ತೆ ಯಾರೋ ಸುತ್ತು ಹಾಕಿ ಎಂದರು. ಹೀಗೆ ಸುತ್ತಿ ಸುತ್ತಿ, ಎಡ ಯಾವುದು ಬಲ ಯಾವುದು ಎಂದೇ ತಿಳಿಯದಂತಾದಾಗ ಟಪ್ ಎಂದು ಆ ತಂತಿ ಹರಿಯಿತು.

ಮೌನೇಶ ನಮ್ಮ ಓಣಿಯವನೇ, ನಲವತ್ತು ದಾಟಿದವನು, ಸ್ವಂತ ವ್ಯಾನು ಓಡಿಸುತ್ತಾನೆ. ಆ ಹೆಸರಿಟ್ಟವರು ಏನು ನೋಡಿ ಇಟ್ಟರೋ, ಅವನು ಬಾಯಿ ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. "ಹೆದರಬ್ಯಾಡ ಯಕ್ಕಾ, ಮುಂದ ಊರು ಕಾಣಾಕತ್ತೈತಿ, ತಳ್ಳಿದ್ರ ಆತು," ಅಂದ. ತಳ್ಳುವವರು ಯಾರು? ಅವನು, ನಾನು. ಐವತ್ತಾರು ವರ್ಷದ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ ವ್ಯಾನು ತಳ್ಳುವುದನ್ನು ಎತ್ತುಗಳು ನಿಂತು ನೋಡಿದವು.

ಇಷ್ಟೆಲ್ಲ ಪಾಡು ಯಾತಕ್ಕೆ ಎಂದರೆ ನನ್ನ ಮಗಳು ನೀಲಾಳ ಬಾಣಂತನಕ್ಕೆ. ಚೊಚ್ಚಲದ್ದಲ್ಲ, ಎರಡನೆಯದು. ಚೊಚ್ಚಲದ ಕಥೆ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನು ಮಾಡಲಿ. ಆಗಲೂ ಪ್ರಯಾಣ ಕೂಡದು ಎಂದು ಡಾಕ್ಟರು ಹೇಳಿದ್ದರಿಂದ ಅವಳು ತವರಿಗೆ ಬರುವಂತಿರಲಿಲ್ಲ, ನಾನೇ ಹೋಗಬೇಕಿತ್ತು. ನಾನು ಬಟ್ಟೆ ಹೊಲಿಯುವವಳು. ಯಾರದೋ ಮದುವೆಮನೆಯ ನಲವತ್ತು ಕುಪ್ಪಸ ಒಪ್ಪಿಕೊಂಡಿದ್ದೆ. ಇನ್ನೂ ದಿನ ಇದೆಯಲ್ಲ, ಮುಗಿಸಿಯೇ ಹೋದರಾಯಿತು ಅಂದುಕೊಂಡೆ. ಕೂಸು ದಿನ ತುಂಬುವ ಮೊದಲೇ ಬಂತು, ಮೂರನೇ ದಿನ ಹೋಯಿತು. ನಾನು ಮುಟ್ಟಿದ್ದು ಹನ್ನೊಂದನೇ ದಿನಕ್ಕೆ. ನೀಲಾ ಒಂದು ಬಿರುಸು ಮಾತು ಆಡಲಿಲ್ಲ. ಚಾ ಕೊಟ್ಟಳು. ಆಮೇಲಿನ ನಾಲ್ಕು ವರ್ಷ ಅವಳ ಕಾಗದದಲ್ಲಿ ಮಳೆ, ಬೆಳೆ, ಗಂಡನ ಕೆಮ್ಮು ಬಿಟ್ಟರೆ ಇನ್ನೇನೂ ಇರುತ್ತಿರಲಿಲ್ಲ. ಮತ್ತೆ ಅವಳ ಊರಿಗೆ ಹೋಗುವ ಧೈರ್ಯ ನನಗೂ ಆಗಲಿಲ್ಲ. ಈ ಸಲ ದಿನ ತುಂಬಲು ಹನ್ನೆರಡು ದಿನ ಇರುವಾಗಲೇ ಹೊಲಿಗೆ ಮಶೀನಿಗೆ ಬಟ್ಟೆ ಮುಚ್ಚಿ ಹೊರಟಿದ್ದೆ. ಈ ಸಲವೂ ತಡವಾದರೆ ಅವಳ ಮುಂದೆ ತಾಯಿ ಎಂದು ಹೇಗೆ ನಿಲ್ಲಲಿ?

ಊರಿನ ಕಟ್ಟೆಯ ಹತ್ತಿರ ಬಂದಾಗ ಟಪಾಲಿನವನೊಬ್ಬ ಸೈಕಲ್ಲಿನ ಗಂಟೆಯನ್ನು ಬಿಚ್ಚುತ್ತಿದ್ದ. ಬಿಚ್ಚಿದ್ದನ್ನು ಚೀಲಕ್ಕೆ ಹಾಕಿ, ಚೀಲದಿಂದ ಇನ್ನೊಂದು ಗಂಟೆ ತೆಗೆದು ಕೂಡಿಸಿದ.

"ಕೆಟ್ಟೈತೇನ್ರಿ ಅದು?" ಎಂದು ಕೇಳಿದೆ.

"ಕೆಟ್ಟಿಲ್ರಿ, ಚೊಲೋ ಐತಿ. ಅದು ಬರೂ ಗಂಟಿ, ಇದು ಹೋಗೂ ಗಂಟಿ," ಅಂದವನೇ ಟ್ರಿಣ್ ಎನ್ನಿಸಿ ಹೊರಟುಹೋದ. ನಾನು ಮೌನೇಶನ ಮುಖ ನೋಡಿದೆ, ಮೌನೇಶ ನನ್ನ ಮುಖ ನೋಡಿದ.

ಆ ಊರಿನ ಮೆಕ್ಯಾನಿಕ್ ಕಾಶೀಮಸಾಬನ ಗ್ಯಾರೇಜು ಎಂದರೆ ಒಂದು ಉದ್ದನೆಯ ತಗಡಿನ ಶೆಡ್ಡು. ನಾಲ್ಕೂ ಗೋಡೆಗೆ ಹಳೆಯ ಸಾಮಾನು ನೇತುಹಾಕಿದ್ದರು. ತಂತಿ ಒಂದು ಕಡೆ, ಗಾಲಿ ಒಂದು ಕಡೆ ಎಂಬ ಲೆಕ್ಕವಿಲ್ಲ. ಎಲ್ಲ ಗೋಡೆಯಲ್ಲೂ ಎಲ್ಲ ಇದ್ದವು, ಒಂದೊಂದನ್ನೂ ಹಗ್ಗದಿಂದ ಬಿಗಿದು ಕಟ್ಟಿದ್ದರು. ಮೂಲೆಯಲ್ಲಿ ಕಾಶೀಮಸಾಬನ ಅಕ್ಕ ಇಮಾಂಬಿ ಮೊರದಲ್ಲಿ ನಟ್ಟು ಬೋಲ್ಟು ಹರಡಿಕೊಂಡು ಅಕ್ಕಿ ಆರಿಸಿದ ಹಾಗೆ ಆರಿಸುತ್ತ ಕೂತಿದ್ದಳು. ಕಾಶೀಮಸಾಬ ವ್ಯಾನಿನ ಕೆಳಗೆ ಒಂದು ಸಲ ಇಣುಕಿ ಎದ್ದು, ಕೈ ಒರೆಸಿಕೊಳ್ಳುತ್ತ, "ಯಾವ ಕಡೆ ಹೊಂಟೀರಿ ಅಕ್ಕಾರ?" ಎಂದು ಕೇಳಿದ.

"ತೆಂಕಣಕ್ಕ. ಲಗೂ ಮಾಡ್ರಿ, ಮಗಳು ದಿನದಾಕಿ ಅದಾಳ."

ಅವನು ತೆಂಕಣ ಗೋಡೆಗೆ ಹೋದ. ಒಂದು ತಂತಿ ಬಿಚ್ಚಿ ತಂದ. ಮುಕ್ಕಾಲು ಗಂಟೆಯಲ್ಲಿ ಹಾಕಿಯೂ ಬಿಟ್ಟ. ಹೊರಡುವಾಗ ಮೌನೇಶನ ಅಂಗಿಯ ಜೇಬಿಗೆ ಒಂದು ನಟ್ಟು ಹಾಕಿ, "ಇದು ನಮ್ಮೂರಿಂದು. ದಾರಿ ತಪ್ಪಿದ್ರ ಎಲ್ಲಿಗ್ಯಾದ್ರೂ ಬಿಗೀರಿ, ವಾಪಸ್ ಬರ್ತೀರಿ," ಅಂದ. ಎಲ್ಲರಿಗೂ ಏನೋ ಒಂದು ಹುಚ್ಚು ಇರುತ್ತದೆ, ಇವನಿಗೆ ಇದು ಎಂದುಕೊಂಡು ಕೈ ಮುಗಿದು ಹತ್ತಿದೆ.

ವ್ಯಾನು ಚೆನ್ನಾಗಿಯೇ ಓಡಿತು. ವಿಪರೀತ ಚೆನ್ನಾಗಿ ಓಡಿತು. ಮೌನೇಶ ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೇ ಹೋಯಿತು. "ಯಕ್ಕಾ, ನಾ ಓಡಸಾಕತ್ತಿಲ್ಲ," ಅಂದ. "ಮತ್ಯಾರು ಓಡಸಾಕತ್ತಾರ, ನಿಮ್ಮಪ್ಪ?" ಅಂದೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಯಾವುದೋ ಊರಿನ ಯಾವುದೋ ಮನೆಯ ಅಂಗಳಕ್ಕೆ ಹೋಗಿ ನಿಂತುಕೊಂಡಿತು. ಒಳಗಿನಿಂದ ಮಂದಿ ಓಡಿ ಬಂದರು. "ಬರ್ರಿ ಬರ್ರಿ, ಬೀಗರು ಬಂದ್ರು, ನೀರು ತಗೊಂಡು ಬಾರಬೇ!" ಕಾಲಿಗೆ ನೀರು ಕೊಟ್ಟರು, ಎಲೆ ಹಾಕಿದರು, ಹೋಳಿಗೆ ಬಡಿಸಿದರು. ನಾನು ಯಾವ ಬೀಗರೂ ಅಲ್ಲ, ನನ್ನನ್ನು ಬಿಡ್ರಿ ಎಂದು ಬೇಡಿಕೊಂಡೆ.

ಮನೆಯ ಯಜಮಾನ ನನ್ನ ಎಲೆಗೆ ತುಪ್ಪ ಹಾಕುತ್ತ ಸಮಾಧಾನದಿಂದ ಹೇಳಿದ: "ಗೊತ್ತೈತ್ರೀ ಯವ್ವಾ. ಅದು ನಮ್ಮ ಮಗಳ ಲಗ್ನಕ್ಕ ಬಂದಿದ್ದ ಜೀಪಿನ ತಂತಿ. ಲಗ್ನಾಗಿ ಏಳು ವರ್ಷ ಆತು. ಆ ತಂತಿ ಹಾಕ್ಕೊಂಡು ವರ್ಷಕ್ಕ ಒಬ್ಬಿಬ್ಬರು ಬಂದ ಬರ್ತಾರ. ಅಂಗಳಕ್ಕ ಬಂದವರನ್ನ ಉಣ್ಣದ ಕಳಸಾಕ ಆಗತೈತೇನ್ರಿ?"

ಎರಡು ಮಕ್ಕಳ ತಾಯಿಯಾದ ಆ ಮದುಮಗಳನ್ನೂ ಅವಳ ಗಂಡನನ್ನೂ ತಂದು ಮಣೆಯ ಮೇಲೆ ಕೂರಿಸಿದರು. ನನ್ನ ಕೈಗೆ ಅಕ್ಷತೆ ಕೊಟ್ಟರು. ಹಾಕಿದೆ, ಇನ್ನೇನು ಮಾಡಲಿ! ಮೌನೇಶ ನಾಲ್ಕು ಹೋಳಿಗೆ ತಿಂದು ಐದನೆಯದಕ್ಕೆ ಕೈ ಚಾಚಿದ. ನಾನು ಎಲೆಯ ಮುಂದೆ ಕೂತು ಅತ್ತೆ. ಅವರು ಅದನ್ನೂ ಬೀಗಿತ್ತಿಯ ಆನಂದದ ಅಳು ಅಂದುಕೊಂಡಿರಬೇಕು, ಇನ್ನೊಂದು ಸೌಟು ಸಾರು ಹಾಕಿದರು.

ಜೇಬಿನ ನಟ್ಟು ಬಿಗಿದೆವು. ವ್ಯಾನು ಗಕ್ಕನೆ ತಿರುಗಿ, ಮರುದಿನ ಮಧ್ಯಾಹ್ನ ಕಾಶೀಮಸಾಬನ ಶೆಡ್ಡಿನ ಮುಂದೆ ನಿಂತಿತು. ನಾನು ಇಳಿದವಳೇ ಅವನ ಮೇಲೆ ಹರಿಹಾಯ್ದೆ. ಅವನು ತಲೆ ಕೆರೆದುಕೊಂಡ.

"ತೆಂಕಣಕ್ಕ ಅಂದ್ರಿ, ತೆಂಕಣಕ್ಕ ಹೋತು. ತೆಂಕಣದಾಗ ಯಾರ ಮನೀಗೆ ಅಂತ ನೀವು ಹೇಳಲಿಲ್ಲ, ನಾನೂ ಕೇಳಲಿಲ್ಲ. ತಪ್ಪಾತ್ರಿ ಅಕ್ಕಾರ, ತಿಳದಿರತೈತಿ ಅನಕೊಂಡೆ."

"ತಂತಿಗೆ ಏನ್ರೀ ತಿಳೀತೈತಿ!"

"ತಂತಿಗೆ ಅಲ್ರೀ, ನಿಮಗ," ಅಂದ.

ಆಗ ಇಮಾಂಬಿ ಮೊರ ಬದಿಗಿಟ್ಟು ನನ್ನನ್ನು ಹತ್ತಿರ ಕೂರಿಸಿಕೊಂಡಳು. "ನಮ್ಮೂರಾಗ ಇಷ್ಟ ನೋಡ ತಂಗಿ. ಗಾಡಿಗೆ ಕೊನೀಗೆ ಯಾವ ಸಾಮಾನು ಕೂಡಸ್ತೀವಿ, ಅದು ಎಲ್ಲಿಗೆ ಹೊಂಟಿತ್ತೋ ಅಲ್ಲಿಗೆ ಗಾಡಿ ಹೋಗತೈತಿ. ಹೊಸಾ ಸೊಸಿ ಬಂದ ಮ್ಯಾಲ ಮನ್ಯಾಗ ಆಕೀದ ನಡೀತೈತೆಲ್ಲ, ಹಂಗ." ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು, ನಮ್ಮ ಮನೆಗೂ ಮೊನ್ನೆ ಮೊನ್ನೆ ಸೊಸೆ ಬಂದಿದ್ದಾಳೆ.

ಯಾಕೆ ಹೀಗೆ ಎಂದು ನಾನು ಕೇಳಿದೆ. ಇಮಾಂಬಿ ನನ್ನನ್ನೇ ಪಾಪ ಎನ್ನುವ ಹಾಗೆ ನೋಡಿದಳು. ಆ ಊರಿನವರಿಗೆ ಅದು ಕೇಳುವ ಮಾತೇ ಅಲ್ಲ. ಹಿಂದಿನ ವರ್ಷ ಅಲ್ಲಿನ ಡಾಕ್ಟರ ಸ್ಕೂಟರಿಗೆ ಯಾರೋ ಸಿನಿಮಾ ಟಾಕೀಜಿನ ಜೀಪಿನ ಕನ್ನಡಿ ಹಾಕಿಬಿಟ್ಟರಂತೆ. ವಾರವಿಡೀ ಡಾಕ್ಟರು ಮ್ಯಾಟ್ನಿಗೆ ಹೋದರು, ರೋಗಿಗಳೂ ಅಲ್ಲಿಗೇ ಹೋಗಿ ಇಂಟರ್ವಲ್ಲಿನಲ್ಲಿ ನಾಡಿ ತೋರಿಸಿಕೊಂಡರು, ಅಷ್ಟೆ. ಬಸ್ಸಿಗಾದರೂ ಹೋಗುತ್ತೇನೆ ಅಂದೆ. "ನಿನ್ನೆ ಅದಕ್ಕ ಹೊಸಾ ಹಾರ್ನ್ ಹಾಕ್ಯಾರ. ಎಲ್ಲಿಗೆ ಹೋಗತೈತಿ ಅಂತ ಡ್ರೈವರಗೂ ಗೊತ್ತಿಲ್ಲ. ಮಂದಿ ಬುತ್ತಿ ಕಟಗೊಂಡು ಹತ್ಯಾರ," ಅಂದಳು.

ಬೆರಳು ಮಡಚಿ ದಿನ ಎಣಿಸಿದೆ. ಒಂಬತ್ತು ಬಂತು. ಮತ್ತೊಮ್ಮೆ ಎಣಿಸಿದರೆ ಹತ್ತು. ಮೌನೇಶನನ್ನು ಕೇಳಿದರೆ ಎಂಟು. ಹನ್ನೆರಡರಲ್ಲಿ ಎಷ್ಟು ಉಳಿಯಿತು ಎಂಬುದೇ ಗೊತ್ತಾಗದೆ ತಲೆ ಗಿರ್ರೆಂದಿತು. ಮೊದಲಿನ ಕೂಸು ದಿನಕ್ಕೆ ಮೊದಲೇ ಬಂದಿತ್ತು. ಇದೂ ಹಾಗೆಯೇ ಬಂದರೆ? ಈಗಾಗಲೇ ಬಂದಿದ್ದರೆ?

ಕಾಶೀಮಸಾಬ ನಾಲ್ಕೂ ಗೋಡೆ ಹುಡುಕಿದ. ನೀಲಾಳ ಊರಿನ ಕಡೆಯ ಗಾಡಿ ಆ ಊರಿಗೆ ಒಂದೂ ಬಂದಿರಲಿಲ್ಲ. ಕೊನೆಗೆ ಅವನು, "ನಿಮ್ಮ ಹಂತೇಲೆ ಏನರ ಐತೇನ್ರಿ ನೋಡ್ರಿ. ಕಬ್ಬಿಣ, ಹಿತ್ತಾಳಿ, ಏನಾದ್ರೂ ನಡೀತೈತಿ. ಆದ್ರ ಆ ಊರಿಗೆ ಹೋಗೂದ ಗೊತ್ತಿರಬೇಕು," ಅಂದ.

ಶೆಡ್ಡಿನ ನೆಲದ ಮೇಲೆ ಟ್ರಂಕು ತೆರೆದೆ. ಅಂಟಿನುಂಡೆಯ ಡಬ್ಬಿ, ಬಜೆ, ಹಳೆಯ ಸೀರೆ ಹರಿದು ಹೊಲಿದ ದುಪಟಿ, ಕುಂಚಿಗೆ, ಒಳ್ಳೆಣ್ಣೆಯ ಬಾಟಲಿ. ಕಾಶೀಮಸಾಬನಿಗೆ ಟ್ರಂಕಿನ ಚಿಲಕ ಕಣ್ಣಿಗೆ ಬಿತ್ತು. "ಈ ಟ್ರಂಕು ಅಲ್ಲಿಗೆ ಹೋಗಿತ್ತೇನ್ರಿ?"

"ಒಂದು ಸಲ ಹೋಗಿ ಬಂದೈತಿ."

"ಹೋಗಿ ಬಂದದ್ದು ಬ್ಯಾಡ. ಅದಕ್ಕ ಹೋಗೂದೂ ಗೊತ್ತು, ಬರೂದೂ ಗೊತ್ತು. ನಡುದಾರ್ಯಾಗ ತಿರುಗಿ ನಿಮ್ಮನೀಗೆ ಹೊಂಟ್ರ ಏನ್ ಮಾಡ್ತೀರಿ?"

ಇಮಾಂಬಿ ಟ್ರಂಕಿನ ತಳಕ್ಕೆ ಕೈ ಹಾಕಿ ಒಂದು ಬಟ್ಟೆಯ ಗಂಟು ಎತ್ತಿದಳು. ಅದರಲ್ಲಿ ತೊಟ್ಟಿಲ ಸರಪಳಿ ಇದ್ದವು, ನಾಲ್ಕು, ಕೊಂಡಿಗೆ ಕೊಂಡಿ ಹಾಕಿ ನಮ್ಮೂರ ಕಮ್ಮಾರ ಮಾಡಿದವು. "ಇದು?" ಅಂದಳು.

"ಹೊಸಾವು," ಅಂದೆ.

ಅವಳು ಒಂದು ಕೊಂಡಿಯನ್ನು ಬೆರಳಿನಿಂದ ಉಜ್ಜಿದಳು. ಬೆರಳು ಕೆಂಪಾಯಿತು. ಸುಮ್ಮನೆ ಆ ಬೆರಳನ್ನು ನನ್ನ ಮುಂದೆ ಹಿಡಿದಳು. ತುಕ್ಕು ಹಿಡಿದ ಕಬ್ಬಿಣವನ್ನು ಹೊಸದು ಎಂದು ಯಾರ ಮುಂದೆ ಹೇಳಿದರೂ ನಡೆದೀತು, ದಿನವಿಡೀ ಕಬ್ಬಿಣ ಆರಿಸುವವಳ ಮುಂದೆ ನಡೆಯುತ್ತದೆಯೇ? ನನಗೆ ನಾಚಿಕೆಯಾಯಿತು. ಆ ಅಪರಿಚಿತ ಮಂದಿಯ ಮುಂದೆ ಎಲ್ಲ ಹೇಳಿದೆ. ನಲವತ್ತು ಕುಪ್ಪಸ, ಮೂರು ದಿನ, ಹನ್ನೊಂದನೇ ದಿನ. ಈ ಸರಪಳಿಯನ್ನು ಆ ಕೂಸಿಗೆಂದೇ ಒಯ್ದಿದ್ದೆ, ಟ್ರಂಕಿನಿಂದ ಹೊರಗೇ ತೆಗೆಯದೆ ವಾಪಸು ತಂದಿದ್ದೆ. ನೀಲಾಗೆ ಅದರ ಸದ್ದು ಕೂಡ ಕೇಳಿಸಬಾರದು ಎಂದು ಬಟ್ಟೆ ಸುತ್ತಿ ತಂದಿದ್ದೆ. ಮೌನೇಶ ಎದ್ದು ಹೊರಗೆ ಹೋಗಿ ವ್ಯಾನಿನ ಗಾಜು ಒರೆಸತೊಡಗಿದ.

"ಅಂದ್ರ ಇದು ತೂಗಿಲ್ಲ," ಅಂದಳು ಇಮಾಂಬಿ.

"ಇಲ್ಲವ್ವಾ."

"ಹಂಗಾದ್ರ ಇದು ಮನೀಗೆ ತಿರುಗಿ ಬಂದೇ ಇಲ್ಲ ತಂಗಿ. ನೀ ಹೊತಗೊಂಡು ಬಂದೀ, ಅಷ್ಟ. ಇದು ಇನ್ನೂ ಹೋಗೂ ದಾರ್ಯಾಗ ಐತಿ." ತಮ್ಮನ ಕಡೆ ತಿರುಗಿ, "ನಾಕರಾಗೂ ಒಂದೊಂದು ಕೊಂಡಿ ಬಿಚ್ಚು. ಒಂದರಾಗ ಬಿಚ್ಚಿದ್ರ ತೊಟ್ಟಿಲು ವಾಲತೈತಿ," ಅಂದಳು.

ಕಾಶೀಮಸಾಬ ನಾಲ್ಕು ಕೊಂಡಿ ಬಿಚ್ಚಿ, ಒಂದಕ್ಕೊಂದು ಸೇರಿಸಿ, ಕ್ಲಚ್ಚಿನ ತಂತಿಗೂ ಪೆಡಲಿಗೂ ನಡುವೆ ಕೂಡಿಸಿದ. ಅವನು ಕೈ ತೆಗೆಯುವುದರೊಳಗೆ ವ್ಯಾನು ಒಂದು ಮೊಳ ಮುಂದೆ ಜರುಗಿತು. ಮೌನೇಶ ಹಾರಿ ಒಳಗೆ ಕೂತ. ಇಮಾಂಬಿ ನನ್ನ ಕೈಗೆ ಒಂದು ರೊಟ್ಟಿಯ ಗಂಟು ತುರುಕಿದಳು. ಅವರಿಗೆ ಸರಿಯಾಗಿ ಹೋಗಿ ಬರುತ್ತೇನೆ ಎಂದು ಕೂಡ ಹೇಳಲಾಗಲಿಲ್ಲ.

ಆ ದಿನ, ಅದರ ಮರುದಿನ ಮಧ್ಯಾಹ್ನದವರೆಗೆ ವ್ಯಾನು ಎಲ್ಲೂ ಕೆಮ್ಮಲಿಲ್ಲ. ನಾನು ಕಿಟಕಿಗೆ ಹಣೆ ಹಚ್ಚಿ ಕೂತಿದ್ದೆ. ರೈಲ್ವೆ ಗೇಟು ಬಂತು, ಗುರುತು ಸಿಕ್ಕಿತು. ಇಟ್ಟಿಗೆ ಭಟ್ಟಿ ಬಂತು, ಗುರುತು ಸಿಕ್ಕಿತು. ಇನ್ನೊಂದು ಮೈಲಿ ಎಂದರೆ ಹಿಟ್ಟಿನ ಗಿರಣಿ, ಅದರ ಪಕ್ಕದ ಸಂದಿಯಲ್ಲಿ ನೀಲಾಳ ಮನೆ. ನಾನು ಸೀರೆಯ ನಿರಿಗೆ ಸರಿ ಮಾಡಿಕೊಂಡೆ. ಅಷ್ಟರಲ್ಲಿ ವ್ಯಾನು ಡಾಂಬರು ರಸ್ತೆ ಬಿಟ್ಟು ಚಕ್ಕಡಿ ದಾರಿಗೆ ಇಳಿಯಿತು.

"ಏ ಮೌನ್ಯಾ, ಇತ್ಲಾಗಲ್ಲೋ!"

"ನಾ ಏನ್ ಮಾಡ್ಲಿ ಯಕ್ಕಾ!"

ಒಂದು ಬಾರೆಗಿಡದ ಹತ್ತಿರ ಹೋಗಿ ನಿಂತಿತು. ಸುತ್ತಲೂ ಖಾಲಿ ಹೊಲ, ನಾಕಾರು ಕಳ್ಳಿ, ಮನೆಯಿಲ್ಲ ಮಠವಿಲ್ಲ. ಮೌನೇಶ ಪೆಡಲು ತುಳಿದ, ಚಾವಿ ತಿರುವಿದ, ಇಳಿದು ತಳ್ಳಿದ. ಜಗ್ಗಲಿಲ್ಲ. ನಾನು ಆ ವ್ಯಾನಿಗೆ, ಕಾಶೀಮಸಾಬನಿಗೆ, ಅವನ ನಾಲ್ಕೂ ಗೋಡೆಗೆ ಬಾಯಿಗೆ ಬಂದದ್ದೆಲ್ಲ ಬೈದೆ. ಇಷ್ಟು ಹತ್ತಿರ ತಂದು ಇಲ್ಲಿ ಯಾಕೆ ನಿಲ್ಲಿಸಬೇಕು? ಮತ್ತೆ ಯಾರ ಮದುವೆ ಇದೆ ಇಲ್ಲಿ?

ಆಡು ಮೇಯಿಸುತ್ತಿದ್ದ ಮುದುಕನೊಬ್ಬ ನನ್ನ ಕೂಗಾಟ ಕೇಳಿ ಬಂದ. "ಇಲ್ಲಿ ಯಾಕ ಗಾಡಿ ನಿಂದ್ರಿಸೀರಿ ಯವ್ವಾ? ಇದು ಸಣ್ಣ ಕೂಸುಗಳನ್ನ ಮಣ್ಣು ಮಾಡೂ ಜಾಗಾ."

ಆಗ ನೋಡಿದೆ, ಗಿಡದ ಸುತ್ತ ಸಣ್ಣ ಸಣ್ಣ ಕಲ್ಲುಗಳು ಇದ್ದವು. ಒಂಬತ್ತೋ ಹತ್ತೋ.

ನಾನು ಅಲ್ಲೇ ಮಣ್ಣಿನಲ್ಲಿ ಕೂತೆ. ಸರಪಳಿ ನೀಲಾಳ ಮನೆಗೆ ಒಯ್ಯುತ್ತದೆ ಎಂದು ನಾನು ತಿಳಿದಿದ್ದೆ, ಇಮಾಂಬಿಯೂ ಹಾಗೆಯೇ ತಿಳಿದಿರಬೇಕು. ಆದರೆ ಅದನ್ನು ನಾನು ನೀಲಾಗೆ ಮಾಡಿಸಿದ್ದಲ್ಲ, ಹೋದ ಕೂಸಿಗೆ, ಅವನಿಗೆ ಮಾಡಿಸಿದ್ದು. ಹನ್ನೊಂದನೇ ದಿನ ಬಂದಾಗ ಕೂಸನ್ನು ಎಲ್ಲಿ ಇಟ್ಟಿದ್ದೀರಿ ಎಂದು ನಾನು ಒಂದು ಮಾತು ಕೇಳಿರಲಿಲ್ಲ. ಕೇಳಿದರೆ ನೀಲಾಗೆ ಸಂಕಟ ಎಂದು ಹೇಳಿಕೊಂಡಿದ್ದೆ. ಸುಳ್ಳು, ಸಂಕಟ ನನಗೆ ಆಗುತ್ತಿತ್ತು. "ನಿನ್ನಜ್ಜಿ ಬಂದೀನೋ ಮಗನ," ಎಂದೆ. ಯಾವ ಕಲ್ಲು ಅವನದು ಎಂದು ತಿಳಿಯದ್ದರಿಂದ ಎಲ್ಲದಕ್ಕೂ ಕೇಳುವಷ್ಟು ಗಟ್ಟಿಯಾಗಿ ಎಂದೆ. ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ಮೌನೇಶ ಟ್ರಂಕು ಹೆಗಲಿಗೇರಿಸಿಕೊಂಡು ದೂರದಲ್ಲಿ ನಿಂತಿದ್ದ. ಊರು ಮುಟ್ಟುವವರೆಗೆ ಅವನು ಒಂದು ಮಾತೂ ಆಡಲಿಲ್ಲ.

ನೀಲಾ ಬಾಗಿಲಲ್ಲೇ ಇದ್ದಳು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ಚೌಕಟ್ಟಿಗೆ. ಹೊಟ್ಟೆ ಇನ್ನೂ ಇತ್ತು! ಆ ಹೊಟ್ಟೆ ನೋಡಿ ನನಗೆ ಹೋದ ಜೀವ ಬಂದಂತಾಯಿತು. ಅವಳು ನನ್ನ ಮುಖ ನೋಡಲಿಲ್ಲ, ಸೀರೆ ನೋಡಿದಳು.

"ಎಲ್ಲಿ ಕುಂತಿದ್ದಿ? ಎಷ್ಟು ಮಣ್ಣಾಗೈತಿ."

"ಗಾಡಿ ಬಾರಿಗಿಡದ ಹಂತೇಲೆ ನಿಂತಬಿಡ್ತು ನೀಲಾ. ಅಲ್ಲಿ, ನಮ್ಮ ಕೂಸಿನ ಹಂತೇಲೆ. ಅಲ್ಲೇ ಕುಂತಿದ್ದೆ."

ಅವಳು ಚೌಕಟ್ಟಿನ ಮೇಲಿನ ಕೈ ತೆಗೆದಳು. ಆಮೇಲೆ, "ಯಾವುದರ ಹಂತೇಲೆ?" ಅಂದಳು.

"ಗೊತ್ತಾಗಲಿಲ್ಲವ್ವಾ. ನಾ ಯಾವತ್ತೂ ನಿನ್ನ ಕೇಳಲಿಲ್ಲಲ್ಲ."

"ಕೇಳ್ತಿ, ಕೇಳ್ತಿ ಅಂತ ನಾಕ ವರ್ಷ ಕಾದೆ," ಅಂದಳು ನೀಲಾ. ಅಂದವಳೇ ಜೋರಾಗಿ, ಓಣಿಯವರೆಲ್ಲ ಹೊರಗೆ ಬರುವಷ್ಟು ಜೋರಾಗಿ ಅತ್ತುಬಿಟ್ಟಳು. ನಾನು ಹಿಡಿದುಕೊಳ್ಳಲು ಹೋದರೆ ಬಿಡಿಸಿಕೊಂಡಳು, ಮತ್ತೆ ತಾನೇ ಬಂದು ನನ್ನ ಹೆಗಲಿಗೆ ಹಣೆ ಇಟ್ಟಳು. ಆಮೇಲೆ ಮೂಗು ಒರೆಸಿಕೊಂಡು ಕಾಲಿನಿಂದಲೇ ಚಪ್ಪಲಿ ಹುಡುಕಿದಳು.

"ಬಾ, ತೋರಸ್ತೀನಿ."

"ಈಗ? ಇಂಥಾ ಹೊಟ್ಟಿ ಇಟಗೊಂಡು? ಹುಚ್ಚೇನ ನಿನಗ?"

ಅವಳು ಆಗಲೇ ಮೆಟ್ಟಿಲು ಇಳಿದಿದ್ದಳು. ನಾನು ಓಡಿ ಹೋಗಿ ತೋಳು ಹಿಡಿದೆ. ಮೆಲ್ಲಗೆ ಹೋದೆವು, ನಡುವೆ ಎರಡು ಕಡೆ ಕೂತೆವು. ಗಿಡದಿಂದ ಮೂರನೆಯ ಕಲ್ಲು ಅವನದು. ಪ್ರತಿ ದೀಪಾವಳಿಗೆ ಅವಳೇ ಅದಕ್ಕೆ ಸುಣ್ಣ ಹಚ್ಚುತ್ತಾಳಂತೆ. ಅವನಿಗೆ ತಲೆತುಂಬ ಕೂದಲಿತ್ತು, ಎಡಗಿವಿಯ ಹಿಂದೆ ಮಚ್ಚೆಯಿತ್ತು, ಎರಡನೇ ದಿನ ಒಂದು ಸಲ ಸೀನಿದ್ದ. ಇದನ್ನೆಲ್ಲ ಅವಳು ಆ ಕಲ್ಲಿನ ಪಕ್ಕದಲ್ಲಿ ಕೂತು ನನಗೆ ಹೇಳಿದಳು. ನಾನು ಒಂದೊಂದನ್ನೇ ಎರಡೆರಡು ಸಲ ಕೇಳಿ ಹೇಳಿಸಿಕೊಂಡೆ.

ವಾಪಸು ಬರುವಾಗ ಹಿಟ್ಟಿನ ಗಿರಣಿಯ ಎದುರಿಗೆ ಅವಳು ಗಕ್ಕನೆ ನಿಂತಳು, ನನ್ನ ತೋಳನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಳು. ನೋವು ಶುರುವಾಗಿತ್ತು. ನಾನು ಅಲ್ಲಿದ್ದೆ.